ಮದುವೆಗೆ ಹೊರಟವರ ಕೋಳಿಗೂಡು

ಪ್ರಶ್ನೆ: ತುಮಕೂರಿನ ಹೊರವಲಯದಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಎಂಟು ಹ್ಯಾಟೆ, ಒಂದು ಹುಂಜ ಸಾಕಿದ್ದೇವೆ. ಏಪ್ರಿಲ್‌ನಲ್ಲಿ ತಂಗಿಯ ಮಗಳ ಮದುವೆಗೆ ಹುಬ್ಬಳ್ಳಿಗೆ ಹೋಗಬೇಕು. ಶುಕ್ರವಾರ ಸಂಜೆ ಹೊರಟರೆ ಬರುವುದು ಸೋಮವಾರ ಮಧ್ಯಾಹ್ನ. ದೊಡ್ಡ ಪಾತ್ರೆಗಳಲ್ಲಿ ಕಾಳು, ನೀರು ಇಟ್ಟು ಗೂಡಿನ ಬಾಗಿಲು ತೆಗೆದಿಟ್ಟರೆ ಸಾಕು ಎನ್ನುತ್ತಾರೆ ನಮ್ಮ ಯಜಮಾನರು. ನನಗೆ ಧೈರ್ಯ ಬರುತ್ತಿಲ್ಲ. ಪಕ್ಕದ ಮನೆಯವರು ಮೊಟ್ಟೆ ಮುಟ್ಟದವರು, ಹುಂಜ ಕೂಗುತ್ತದೆಂದು ಒಮ್ಮೆ ಬೇಸರ ಮಾಡಿಕೊಂಡವರು, ಕೇಳಲು ಸಂಕೋಚ. ಜೊತೆಗೆ ಒಂದು ಹ್ಯಾಟೆ ಕಾವಿಗೆ ಕೂತಿದೆ, ಮದುವೆಯ ಭಾನುವಾರವೇ ಮರಿ ಆಗಬೇಕು. ನಾನು ಮನೆಯಲ್ಲೇ ಉಳಿದುಬಿಡಲೇ?

ಉತ್ತರ: ಉಳಿಯಬೇಡಿ, ಮದುವೆಗೆ ಹೋಗಿ. ಆದರೆ ಮೂರು ರಾತ್ರಿ ಗೂಡಿನ ಬಾಗಿಲು ತೆರೆದಿಟ್ಟು ಹೋಗುವ ಮಾತನ್ನು ಮಾತ್ರ ಒಪ್ಪಬೇಡಿ.

ನಿಮ್ಮ ಯಜಮಾನರು ಹೇಳುವುದರಲ್ಲಿ ಅರ್ಧ ಸರಿಯಿದೆ. ಹೊಟ್ಟೆಯ ಲೆಕ್ಕ ಕಷ್ಟದ್ದಲ್ಲ. ಬೆಳೆದ ಕೋಳಿಯೊಂದು ದಿನಕ್ಕೆ ಸುಮಾರು 100ರಿಂದ 120 ಗ್ರಾಂ ತಿನ್ನುತ್ತದೆ, ಒಂಬತ್ತಕ್ಕೆ ದಿನಕ್ಕೆ ಒಂದು ಕಿಲೋ ಇಟ್ಟರೆ ಧಾರಾಳ. ಒಣ ಕಾಳು, ಜೋಳದ ನುಚ್ಚು, ಅಂಗಡಿಯ ಲೇಯರ್ ಫೀಡ್ ಯಾವುದಾದರೂ ಆಗುತ್ತದೆ. ನೆನೆಸಿದ ತೌಡು, ಮುದ್ದೆ, ಅನ್ನ ಮಾತ್ರ ಬೇಡವೇ ಬೇಡ. ಬಿಸಿಲಿಗೆ ಅದು ಒಂದೇ ದಿನದಲ್ಲಿ ಹಳಸಿ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ವಿಷ ಕೋಳಿಯ ಯಕೃತ್ತನ್ನೇ ಕೆಡಿಸುತ್ತದೆ.

ನೀರಿನ ಮಾತು ಬೇರೆ. ಸಾಧಾರಣ ದಿನಗಳಲ್ಲಿ ಒಂದು ಹಕ್ಕಿಗೆ ಕಾಲು ಲೀಟರ್ ಸಾಕಾದರೆ ಏಪ್ರಿಲ್ ಬಿಸಿಲಿಗೆ ಅರ್ಧ ಲೀಟರ್ ಬೇಕಾಗಬಹುದು. ಅಂದರೆ ನಿಮ್ಮ ಗೂಡಿಗೆ ದಿನಕ್ಕೆ ಐದು ಲೀಟರ್ ಹತ್ತಿರ. ಕೋಳಿಗೆ ಬೆವರುವುದು ಗೊತ್ತಿಲ್ಲ, ಕೊಕ್ಕು ತೆರೆದು ಏದುಸಿರು ಬಿಟ್ಟೇ ಮೈಯ ಬಿಸಿ ಕಳೆಯಬೇಕು, ಆ ಉಸಿರಲ್ಲಿ ನೀರು ಹೋಗುತ್ತದೆ. ಒಂದೇ ದೊಡ್ಡ ಬಕೆಟ್ ಇಟ್ಟು, ಅದು ಶನಿವಾರ ಬೆಳಿಗ್ಗೆಯೇ ಮಗುಚಿಬಿದ್ದರೆ ಸೋಮವಾರದವರೆಗೆ ಗತಿಯೇನು? ನೆರಳಿನಲ್ಲಿ ಮೂರು ಕಡೆ, ಭಾರದ ಮಣ್ಣಿನ ಬಾನಿಗಳಲ್ಲಿ ಇಡಿ. ಹಾಗಿಟ್ಟರೂ ಕೆದಕಿ ಕೆದಕಿ ಹಿಕ್ಕೆ, ಮಣ್ಣು ತುಂಬಿಸುತ್ತವೆ; ದಿನಕ್ಕೊಮ್ಮೆ ಯಾರಾದರೂ ಚೆಲ್ಲಿ ಹೊಸ ನೀರು ತುಂಬಲೇಬೇಕು.

ನಿಜವಾದ ಭಯ ಇರುವುದು ಮುಸ್ಸಂಜೆಯಲ್ಲಿ. ಕತ್ತಲಾಗುವ ಹೊತ್ತಿಗೆ ಕೋಳಿಗಳು ಯಾರೂ ಕರೆಯದೆ ತಾವೇ ಗೂಡು ಸೇರುತ್ತವೆ, ಅಡ್ಡೆಯ ಮೇಲೆ ಸಾಲಾಗಿ ಕೂರುತ್ತವೆ. ಆದರೆ ಬಾಗಿಲು ಹಾಕಿಕೊಳ್ಳಲು ಅವಕ್ಕೆ ಬರುವುದಿಲ್ಲ. ಕತ್ತಲಲ್ಲಿ ಕಣ್ಣು ಕಾಣದ ಹಕ್ಕಿ ಅದು. ಹಗಲು ಬೇಲಿ ಹಾರಿ ತಪ್ಪಿಸಿಕೊಳ್ಳುವ ಹ್ಯಾಟೆ ರಾತ್ರಿ ಕೈಹಾಕಿ ಎತ್ತಿದರೂ ಸುಮ್ಮನಿರುತ್ತದೆ. ನೀವಿರುವಂಥ ಊರಂಚಿನಲ್ಲಿ ಬೀದಿನಾಯಿ, ಕಾಡುಬೆಕ್ಕು, ಪುನುಗು ಬೆಕ್ಕು ತಿರುಗುವುದು ಆ ಹೊತ್ತಿನಲ್ಲೇ. ತೆರೆದ ಗೂಡಿಗೆ ನುಗ್ಗಿದ ಬೆಕ್ಕು ಹಸಿವಿಗೆ ಒಂದನ್ನು ಹಿಡಿದು ಹೋಗುತ್ತದೆ ಅಂದುಕೊಳ್ಳಬೇಡಿ. ಓಡಲಾರದ ಹಕ್ಕಿಗಳ ನಡುವೆ ಸಿಕ್ಕಿದ್ದನ್ನೆಲ್ಲ ಕೊಂದುಹಾಕುವುದೂ ಉಂಟು. ಮುಂಗುಸಿ ಹಗಲಿಗೇ ಬರುತ್ತದೆ. ಮನುಷ್ಯರ ಓಡಾಟ ನಿಂತ ಹಿತ್ತಲು ಅದಕ್ಕೆ ಬೇಗ ಗೊತ್ತಾಗುತ್ತದೆ.

ಹಾಗಾದರೆ ಮೂರು ದಿನವೂ ಮುಚ್ಚಿಟ್ಟೇ ಹೋಗೋಣವೇ ಎಂದರೆ, ಗೂಡಿಗೆ ಅಂಟಿದಂತೆ ಜಾಲರಿ ಕಟ್ಟಿದ ನೆರಳಿನ ಅಂಗಳ ಇದ್ದರಷ್ಟೇ ಅದು ಆಗುವ ಮಾತು. ಜಾಲರಿಯೂ ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿಯದ್ದಾಗಿರಬೇಕು. ಕೋಳಿಬಲೆ ಎಂದು ಮಾರುವ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ರಾತ್ರಿ ಮಲಗಲೆಂದು ಕಟ್ಟಿದ ಪುಟ್ಟ ಗೂಡಿನಲ್ಲಿ ಬೇಸಿಗೆಯ ಹಗಲು ಕೂಡಿಹಾಕಿದರೆ ಸೆಕೆಗೇ ಸಾಯುತ್ತವೆ. ನೆಂಟರ ಮನೆಯ ಕೋಳಿಗಳ ಜೊತೆ ಬಿಡುವುದೂ ಬೇಡ. ಜಗಳ ಹೇಗೋ ತಣಿಯುತ್ತದೆ, ಆದರೆ ಕೊಕ್ಕರೆ ರೋಗ ಅಂಟಿಕೊಂಡು ಬಂದರೆ ಇಡೀ ಗೂಡೇ ಖಾಲಿಯಾಗಬಹುದು.

ಆದ್ದರಿಂದ ಒಬ್ಬ ಮನುಷ್ಯ ಬೇಕು, ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಸಂಕೋಚ ಬಿಟ್ಟು ಪಕ್ಕದ ಮನೆಯವರನ್ನೇ ಮೊದಲು ಕೇಳಿ ಎಂದು ನಾನು ಹೇಳುತ್ತೇನೆ. ಮೊಟ್ಟೆ ತಿನ್ನದವರು ಹಕ್ಕಿಗೆ ನೀರು ಹಾಕಲಾರದವರಲ್ಲ. ಎಷ್ಟೋ ಮನೆಗಳಲ್ಲಿ ಮಾಂಸ ಮುಟ್ಟದ ಅಜ್ಜಿಯೇ ಕಾಗೆ ಗುಬ್ಬಿಗಳಿಗೆ ದಿನಾ ಅನ್ನ ಇಡುತ್ತಾಳೆ. ಹುಂಜದ ಕೂಗಿನಿಂದ ಅವರಿಗಾದ ತೊಂದರೆಯ ಮಾತನ್ನು ನೀವೇ ಮೊದಲು ತೆಗೆಯಿರಿ, ಗೂಡನ್ನು ಅವರ ಕಿಟಕಿಯಿಂದ ದೂರ ಸರಿಸಲು ಜಾಗವಿದ್ದರೆ ಸರಿಸಿ, ಆಮೇಲೆ ಕೇಳಿ. ಅವರು ಮೊಟ್ಟೆ ಮುಟ್ಟಬೇಕಿಲ್ಲ, ಗೂಡು ಗುಡಿಸಬೇಕಿಲ್ಲ, ಬಾಗಿಲು ಮತ್ತು ನೀರು ಅಷ್ಟೇ ಎಂದು ಸ್ಪಷ್ಟವಾಗಿ ಹೇಳಿ. ಒಲ್ಲೆನೆಂದರೆ ಬೇಸರವಿಲ್ಲದೆ ಬೀದಿಯ ಯಾರಾದರೂ ಹೈಸ್ಕೂಲು ಹುಡುಗನನ್ನೋ ಹುಡುಗಿಯನ್ನೋ ಮನೆಯವರ ಒಪ್ಪಿಗೆ ಪಡೆದು ಗೊತ್ತುಮಾಡಿ, ಕೈಗೆ ದುಡ್ಡು ಕೊಡಿ, ಮೂರು ದಿನದ ಮೊಟ್ಟೆಯೂ ಅವರಿಗೇ ಇರಲಿ. ಮೊಟ್ಟೆ ಗೂಡಲ್ಲೇ ಉಳಿದರೆ ಹಾವನ್ನು ಕರೆಯುತ್ತದೆ, ಒಡೆದರೆ ಕೋಳಿಗಳೇ ತಿನ್ನುವ ಚಟ ಕಲಿಯುತ್ತವೆ.

ಯಾರೇ ಆಗಲಿ, ಗುರುವಾರ ಸಂಜೆಯೇ ಕರೆದು ನಿಮ್ಮೆದುರಿಗೆ ಒಮ್ಮೆ ಬಾಗಿಲು ಹಾಕಿಸಿ. ಹಾಕುವ ಮೊದಲು ಅಡ್ಡೆಯ ಮೇಲೆ ಎಂಟು ತಲೆ ಎಣಿಸಬೇಕು, ಒಂಬತ್ತನೆಯದು ಕಾವಿನದು ಎಂದು ಹೇಳಿಕೊಡಿ. ತಾಲ್ಲೂಕು ಪಶು ಆಸ್ಪತ್ರೆಯ ನಂಬರನ್ನೂ ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಅನ್ನೂ ಗೂಡಿನ ಬಳಿ ಬರೆದಂಟಿಸಿ.

ಇನ್ನು ಕಾವಿನ ಹ್ಯಾಟೆ. ಅದಕ್ಕೆ ಈಗಿನಿಂದಲೇ ಉಳಿದವು ನುಗ್ಗದ ಮೂಲೆಯೊಂದನ್ನು ಮಾಡಿಕೊಡಿ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಎದ್ದು ತಿಂದು ಕುಡಿದು ಮತ್ತೆ ಕೂರುತ್ತದೆ, ಅಷ್ಟಕ್ಕೆ ಕಾಳು ನೀರು ಕೈಯಳತೆಯಲ್ಲಿ ಇರಲಿ. 21ನೇ ದಿನ ನೀವಿಲ್ಲದಿದ್ದರೂ ಮರಿಗಳು ಹಸಿಯುವುದಿಲ್ಲ: ಹೊರಬರುವ ಮುನ್ನ ಹೊಟ್ಟೆಗೆ ಎಳೆದುಕೊಂಡ ಹಳದಿ ಲೋಳೆಯ ಬಲದಲ್ಲಿ ಒಂದೆರಡು ದಿನ ತಾಯಿಯ ರೆಕ್ಕೆಯಡಿ ಇರಬಲ್ಲವು. ನನಗೆ ಹೆಚ್ಚು ಭಯ ಕೆಂಪಿರುವೆಯದು. ಚಿಪ್ಪು ಬಿರಿಯುವಾಗಲೇ ಮುತ್ತಿಕೊಳ್ಳುತ್ತವೆ. ಕಾವಿನ ಬುಟ್ಟಿಯನ್ನು ಗಿಡ್ಡ ಮಣೆಯ ಮೇಲಿಟ್ಟು, ಮಣೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ; ಮರಿ ಉರುಳಿ ನೀರಿಗೆ ಬೀಳದಂತೆ ಬುಟ್ಟಿಯ ಅಂಚು ಎತ್ತರವಾಗಿರಲಿ. ಸೋಮವಾರ ನೀವು ಬಂದ ಮೇಲೆ ತಾಯಿ ಮರಿಗಳನ್ನು ನೆಲಕ್ಕಿಳಿಸಿ, ಚಿಕ್ಕ ಕಲ್ಲು ಹಾಕಿದ ತಟ್ಟೆಯಲ್ಲಿ ನೀರು, ಸಣ್ಣ ನುಚ್ಚು ಕೊಡಿ. ಮಂಗಳವಾರದವರೆಗೂ ಬಿರಿಯದ ಮೊಟ್ಟೆಗಳನ್ನು ತೆಗೆದುಬಿಡಿ.