ಬೋರ್ಡ್ ಇದೆ, ಸೆಕ್ಯುರಿಟಿ ಅಂಕಲ್ ಇಲ್ಲ: ಅಪಾಚೆ ಸಿಎಕ್ಸ್‌ಎಫ್‌ನಲ್ಲಿ ಪಾಲಿಸಿ

ಈ ಸೆಮ್‌ನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ ಒಂದು ಸೋಪ್ ವೆಬ್ ಸರ್ವಿಸ್ (ಸ್ನಾನದ ಸೋಪ್ ಅಲ್ಲ!). ಯುಎಸ್‌ಎನ್ ಕಳಿಸಿದ್ರೆ ಇಂಟರ್ನಲ್ಸ್ ಮಾರ್ಕ್ಸ್ ಬರುತ್ತೆ. ಜಾವಾದ ಅಪಾಚೆ ಸಿಎಕ್ಸ್‌ಎಫ್ ಫ್ರೇಮ್‌ವರ್ಕ್ ಬಳಸಿದ್ವಿ.

ಸರ್ವಿಸ್‌ನ ವಿವರ ಇರೋ ವಿಸ್ಡಲ್ ಫೈಲ್‌ನಲ್ಲೇ ಪಾಲಿಸಿ ಬರೆದಿದ್ವಿ: ಯೂಸರ್‌ನೇಮ್ ಟೋಕನ್ ಬೇಕು, ಎಚ್‌ಟಿಟಿಪಿಎಸ್ ಬೇಕು. ಆಮೇಲೆ ಸೋಪ್‌ಯುಐನಿಂದ ಪಾಸ್‌ವರ್ಡ್ ಇಲ್ಲದೆ ಒಂದು ರಿಕ್ವೆಸ್ಟ್ ಕಳಿಸಿದ್ರೆ, ಮಾರ್ಕ್ಸ್ ಆರಾಮಾಗಿ ಬಂತು! ಯಾರು ಬೇಕಾದ್ರೂ ಯಾರ ಮಾರ್ಕ್ಸ್ ಬೇಕಾದ್ರೂ ನೋಡಬಹುದಿತ್ತು.

ಕಾರಣ ಸಿಂಪಲ್. ಪಾಲಿಸಿ ಅನ್ನೋದು ಹಾಸ್ಟೆಲ್ ಗೇಟ್‌ನ 'ಐಡಿ ಕಾರ್ಡ್ ಕಡ್ಡಾಯ' ಬೋರ್ಡ್ ಇದ್ದ ಹಾಗೆ. ಕಾರ್ಡ್ ಕೇಳೋಕೆ ಅಂಕಲ್ ಇರಬೇಕು. ಸಿಎಕ್ಸ್‌ಎಫ್‌ನಲ್ಲಿ ಆ ಅಂಕಲ್ ಅಂದ್ರೆ ಪಾಲಿಸಿ ಮತ್ತು ಸೆಕ್ಯುರಿಟಿ ಮಾಡ್ಯೂಲ್‌ಗಳು. ಮೇವನ್ ಫೈಲ್‌ಗೆ ಅವೆರಡನ್ನೂ ಸೇರಿಸೋದನ್ನೇ ನಾವು ಮರೆತಿದ್ವಿ.

ಕೆಲಸ ನಡೆಯೋದು ಹೀಗೆ. ಡಬ್ಲ್ಯುಎಸ್-ಪಾಲಿಸಿಯಲ್ಲಿ (1.5ನೇ ಆವೃತ್ತಿ 2007ರಲ್ಲಿ ಬಂತು) ಒಂದೊಂದು ಷರತ್ತೂ ಒಂದು 'ಅಸರ್ಷನ್'. ಕೆಲವು ಅಸರ್ಷನ್ ಸೇರಿ ಒಂದು 'ಆಲ್ಟರ್ನೇಟಿವ್'. ಮೆಸೇಜ್ ಒಳಗೆ ಬಂದಾಗ ಇಂಟರ್‌ಸೆಪ್ಟರ್‌ಗಳು ತಾವು ಪರೀಕ್ಷಿಸಿದ ಅಸರ್ಷನ್‌ಗೆ ಟಿಕ್ ಹಾಕುತ್ತವೆ. ಕೊನೆಯಲ್ಲಿ ಒಂದಾದ್ರೂ ಆಲ್ಟರ್ನೇಟಿವ್‌ನ ಎಲ್ಲಾ ಅಸರ್ಷನ್‌ಗೂ ಟಿಕ್ ಬಿದ್ದಿರಬೇಕು. ಇಲ್ಲದಿದ್ರೆ 'ಈ ಪಾಲಿಸಿ ಆಲ್ಟರ್ನೇಟಿವ್‌ಗಳನ್ನು ಪೂರೈಸಲಾಗಲಿಲ್ಲ' ಅನ್ನೋ ಅರ್ಥದ ಎರರ್ ಬರುತ್ತೆ.

ಮಾಡ್ಯೂಲ್ ಸೇರಿಸಿದ ಮೇಲೆ ನಮ್ಮದೇ ಕ್ಲೈಂಟ್‌ಗೂ ಇದೇ ಎರರ್ ಬಂತು, ಯಾಕಂದ್ರೆ ಲ್ಯಾಪ್‌ಟಾಪ್‌ನಲ್ಲಿ ಬರೀ ಎಚ್‌ಟಿಟಿಪಿ ಓಡ್ತಿತ್ತು. ಮಾರನೇ ದಿನ ಡೆಮೊ. ಅಸರ್ಷನ್‌ಗಳಿಗೆ 'ಆಪ್ಷನಲ್' ಅಂತ ಹಾಕಿಬಿಡೋಣ ಅನ್ಕೊಂಡ್ವಿ. ಆದ್ರೆ ಆಪ್ಷನಲ್ ಅಂದ್ರೆ ಎರಡು ಆಲ್ಟರ್ನೇಟಿವ್: ಅಸರ್ಷನ್ ಇರೋದು ಒಂದು, ಇಲ್ಲದ್ದು ಇನ್ನೊಂದು. ಟೋಕನ್ ಇಲ್ಲದೆ ಬಂದವನೂ ಪಾಸ್! ಬೋರ್ಡ್ ಇಟ್ಟು ಅಂಕಲ್‌ನ ಮನೆಗೆ ಕಳಿಸಿದ ಹಾಗೆ. ಅದನ್ನ ಬಿಟ್ಟು, ಸೆಲ್ಫ್-ಸೈನ್ಡ್ ಸರ್ಟಿಫಿಕೇಟ್ ಮಾಡಿ, ಅದನ್ನ ಕ್ಲೈಂಟ್‌ನ ಟ್ರಸ್ಟ್‌ಸ್ಟೋರ್‌ಗೆ ಹಾಕಿ, ರಾತ್ರಿ ಕೂತು ಎಚ್‌ಟಿಟಿಪಿಎಸ್ ಸರಿ ಮಾಡಿದ್ವಿ. ಟೋಕನ್‌ನಲ್ಲಿ ಪಾಸ್‌ವರ್ಡ್ ಸಾದಾ ಅಕ್ಷರದಲ್ಲೇ ಹೋಗ್ತಿದ್ರೆ ಎಚ್‌ಟಿಟಿಪಿಎಸ್ ಬೇಕೇ ಬೇಕು.

ಇನ್ನೊಂದು ಸೆಟ್ಟಿಂಗ್ ನೆನಪಿರಲಿ. ಪಾಲಿಸಿ ಎಂಜಿನ್‌ನಲ್ಲಿ 'ಇಗ್ನೋರ್ ಅನ್‌ನೋನ್ ಅಸರ್ಷನ್ಸ್' ಅಂತ ಇದೆ. ಅದನ್ನ ಫಾಲ್ಸ್ ಮಾಡಿದ್ರೆ, ಗುರುತು ಸಿಗದ ಅಸರ್ಷನ್ ಕಂಡಾಗ ಬರೀ ವಾರ್ನಿಂಗ್ ಬರಲ್ಲ, ಎಕ್ಸೆಪ್ಷನ್ ಬರುತ್ತೆ.

ನೀವೂ ಮಾಡ್ತಿದ್ರೆ ಈ ನಾಲ್ಕು ಟೆಸ್ಟ್ ಮಾಡಿ:

1. ಎಲ್ಲಾ ಸರಿ ಇರೋ ರಿಕ್ವೆಸ್ಟ್
2. ತಪ್ಪು ಪಾಸ್‌ವರ್ಡ್
3. ಟೋಕನ್ ಇಲ್ಲದ್ದು
4. ಬರೀ ಎಚ್‌ಟಿಟಿಪಿ

ಮೊದಲನೆಯದು ಪಾಸ್ ಆದ್ರೆ ಸಾಲದು, ಉಳಿದ ಮೂರೂ ಫೇಲ್ ಆಗಲೇಬೇಕು. ನಾವು ಮೊದಲನೆಯದನ್ನ ಮಾತ್ರ ನೋಡಿ ಸುಮ್ಮನಾಗಿದ್ರೆ, ಡೆಮೊದಲ್ಲಿ ಚಪ್ಪಾಳೆ ಬೀಳ್ತಿತ್ತು, ಕ್ಲಾಸ್‌ನ ಮಾರ್ಕ್ಸ್ ಎಲ್ಲಾ ಬೀದಿಗೆ ಬೀಳ್ತಿತ್ತು.