ರಾಶಿ ಮಷಿನಿಗೆ ಹೋದ ಬೆರಳು, ಕೈಗೆ ಬಾರದ ಪರಿಹಾರ

ನಮ್ಮ ಬಸವಕಲ್ಯಾಣ ಕಡೆ ಸೋಯಾ ರಾಶಿ ದಸರಾ ದೀಪಾವಳಿ ನಡುವೆ ಬರುತ್ತದೆ. ಮಳೆ ಬಂದೀತೆಂಬ ಹೆದರಿಕೆ ಒಂದು, ಮಷಿನ್ ಮುಂದಿನ ಊರಿಗೆ ಹೋದೀತೆಂಬ ಹೆದರಿಕೆ ಇನ್ನೊಂದು. ಹೀಗಾಗಿ ರಾತ್ರಿ ಹನ್ನೊಂದರ ತನಕ ಲೈಟು ಹಚ್ಚಿ ರಾಶಿ ಮಾಡುತ್ತೇವೆ. 2012ರಲ್ಲಿ ಅಂಥದೇ ಒಂದು ರಾತ್ರಿ ನನ್ನ ಬಲಗೈಯ ಮೂರು ಬೆರಳು ಹೋದವು. ಹೊಲ ನನ್ನದಲ್ಲ, ಮಷಿನೂ ನನ್ನದಲ್ಲ. ನಾರಾಯಣಪುರದ ನನ್ನ ನಾಲ್ಕು ಎಕರೆ ರಾಶಿ ಮುಗಿದಿತ್ತು, ಬಿಡುವಿದ್ದ ನಾಲ್ಕು ದಿನ ಕೂಲಿಗೆ ಹೋಗಿದ್ದೆ. ಆಗ ನನಗೆ 40 ವರ್ಷ.

ಗಾಯ ಮೂರು ತಿಂಗಳಿಗೆ ಮಾಯಿತು. ಸಾಲ ಮಾಯಲಿಲ್ಲ. ಸಿಗಬೇಕಾದ ರೊಕ್ಕ ಯಾಕೆ ಸಿಗಲಿಲ್ಲ, ಅದರಲ್ಲಿ ನನ್ನ ತಪ್ಪು ಎಷ್ಟು ಅನ್ನೋದನ್ನ ಬರೆದರೆ ನನ್ನಂಥ ನಾಲ್ಕು ಜನಕ್ಕೆ ಉಪಯೋಗ ಆದೀತು.

ಒಂದು ಸುಳ್ಳು ಮಾತು

ಸೋಯಾ ಹಸಿ ಇತ್ತು, ಮಷಿನ್ ಬಾಯಲ್ಲಿ ಸಿಕ್ಕೊಳ್ಳುತ್ತಿತ್ತು. ಬಾಯಿಗೆ ಇದ್ದ ತಗಡಿನ ಮುಚ್ಚಳ ಕೆಲಸ ತಡ ಮಾಡ್ತದೆ ಅಂತ ಬಿಚ್ಚಿ ಇಟ್ಟಿದ್ದರು. ಸಿಕ್ಕೊಂಡದ್ದನ್ನು ಕೈಯಿಂದ ದಬ್ಬಲು ಹೋದೆ, ಅಂಗಿ ತೋಳು ಎಳೆದುಕೊಂಡಿತು.

ಮಷಿನ್ ಮಾಲಕನೇ ಮೋಟರ್‌ಸೈಕಲ್ ಮೇಲೆ ದವಾಖಾನಿಗೆ ಒಯ್ದ. ದಾರಿಯಲ್ಲಿ ಹೇಳಿದ: "ಅಣ್ಣಾ, ಪೊಲೀಸ್ ಕೇಸ್ ಆದ್ರ ನನ್ನ ಸೀಜನ್ ಹೋಗ್ತದ. ಮನ್ಯಾಗ ಕಣಕಿ ಮಷಿನಿಗೆ ಕೈ ಸಿಕ್ತು ಅಂತ ಹೇಳ್ರಿ. ಖರ್ಚು ಎಲ್ಲಾ ನಾ ನೋಡ್ಕೋತೀನಿ." ನೋವಿನಲ್ಲಿ ನನಗೆ ಏನು ತಿಳಿದೀತು? ಹಾಗೇ ಹೇಳಿದೆ. ಡಾಕ್ಟರು ಹಾಗೇ ಬರೆದುಕೊಂಡರು. ಆ ಒಂದು ಸಾಲು ಮುಂದೆ ನನ್ನ ಇಡೀ ಹಕ್ಕನ್ನು ತಿಂದುಹಾಕಿತು.

ಒಟ್ಟು ಖರ್ಚು 45,000 ರೂ. ಮಾಲಕ ಕೊಟ್ಟದ್ದು 5,000. ಮನೆಯವಳ ಬೋರಮಾಳ ಅಡ ಇಟ್ಟು 15,000 ತಂದೆ, ಅದನ್ನು ಬಿಡಿಸಿಕೊಳ್ಳಲು ಇವತ್ತಿನ ತನಕ ಆಗಿಲ್ಲ. ಉಳಿದ 25,000 ಊರಲ್ಲೇ ನೂರಕ್ಕೆ ತಿಂಗಳಿಗೆ 3 ರೂ. ಬಡ್ಡಿಯಂತೆ ತಂದದ್ದು. ಅಂದರೆ ತಿಂಗಳಿಗೆ 750 ರೂ. ಬಡ್ಡಿ. ನಾಲ್ಕು ವರ್ಷ ಅಸಲು ಮುಟ್ಟಲಿಕ್ಕೆ ಆಗಲಿಲ್ಲ, ಬಡ್ಡಿಯೇ 36,000 ಕಟ್ಟಿದೆ. ದವಾಖಾನಿ ಖರ್ಚಿಗಿಂತ ದೊಡ್ಡ ಪೆಟ್ಟು ಇದು.

ಕೂರಿಗೆ ಹಿಡಿಯಲು ಬರುವುದಿಲ್ಲ ಎಂದಾದ ಮೇಲೆ ಎತ್ತು ಕಟ್ಟಿಕೊಂಡು ಏನು ಮಾಡಲಿ? 34,000ಕ್ಕೆ ಜೋಡಿ ಮಾರಿದೆ, ಅದು ಮನೆ ಖರ್ಚಿಗೇ ಕರಗಿತು. ಆ ಹಿಂಗಾರಿ ಎರಡು ಎಕರೆಗೆ ಕಡಲೆ ಬೀಳಲಿಲ್ಲ. ಅಲ್ಲಿಂದ ಈಚೆಗೆ ಬಿತ್ತನೆಗೂ ಹರಗಲಿಕ್ಕೂ ಟ್ರ್ಯಾಕ್ಟರ್ ಬಾಡಿಗೆ. ಮಗ ಹತ್ತನೇ ಪಾಸಾದವನು ಪಿಯುಸಿಗೆ ಹೋಗದೆ ಪುಣೆಗೆ ಕಟ್ಟಡ ಕೆಲಸಕ್ಕೆ ಹೋದ. ಇದನ್ನು ಯಾವ ಲೆಕ್ಕದಲ್ಲಿ ಬರೆಯಬೇಕೋ ನನಗೆ ಗೊತ್ತಿಲ್ಲ.

ಪರಿಹಾರ ಕೇಳಲು ಹೋದರೆ ಮಷಿನಿನವ, "ನಿಮ್ಮನ್ನ ಕರೆದವರು ಹೊಲದವರು, ಅವರನ್ನ ಕೇಳ್ರಿ" ಅಂದ. ಹೊಲದವರು, "ನಾವು ಚೀಲದ ಲೆಕ್ಕದಲ್ಲಿ ಮಷಿನಿನವರಿಗೆ ಗುತ್ತಿಗಿ ಕೊಟ್ಟೀವಿ, ಆಳು ಅವರವು" ಅಂದರು. ಹಿರಿಯರು ಕೂತು, ನಿನ್ನ ನಿರ್ಲಕ್ಷ್ಯವೂ ಅದ ಅಂತ ತೀರ್ಮಾನ ಕೊಟ್ಟು, ಇನ್ನು ಮುಂದೆ ಕೇಳುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿದರು. 2015ರಲ್ಲಿ ವಕೀಲರೊಬ್ಬರ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು ದವಾಖಾನಿ ಕಾಗದ. ನೋಡಿ ತಲೆ ಅಲ್ಲಾಡಿಸಿದರು.

ಕಾನೂನಿನಲ್ಲಿ ಏನಿತ್ತು

ಅವರೇ ತಿಳಿಸಿ ಹೇಳಿದ್ದು ಇದು. ಕೆಲಸದಲ್ಲಿ ಗಾಯವಾದರೆ ಮಾಲಕ ಪರಿಹಾರ ಕೊಡಬೇಕೆಂಬ ಕಾಯ್ದೆ 1923ರಷ್ಟು ಹಳೆಯದು. ಅದು ಕಾರ್ಖಾನೆಯವರಿಗೆ ಮಾತ್ರ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಮಷಿನಿನಿಂದ ಕೊಯ್ಲು, ರಾಶಿ, ಟ್ರ್ಯಾಕ್ಟರ್ ಬೇಸಾಯ, ಕೊಳವೆಬಾವಿ ಕೆಲಸ, ಬೆಳೆಗೆ ಔಷಧಿ ಹೊಡೆಯುವುದು, ಇವೆಲ್ಲ ಅದರ ಪಟ್ಟಿಯಲ್ಲಿ ಇದ್ದವು. ಬಿಡಿ ಕೂಲಿಯವನಿಗೆ ಇಲ್ಲ ಎಂಬ ಮಾತನ್ನು 2000ದ ತಿದ್ದುಪಡಿಯಲ್ಲೇ ತೆಗೆದಿದ್ದರು.

ಲೆಕ್ಕ ಕಷ್ಟದ್ದಲ್ಲ. ತಿಂಗಳ ಕೂಲಿಯಲ್ಲಿ ನೂರಕ್ಕೆ 60 ಭಾಗ ಹಿಡಿಯಬೇಕು. ಅದನ್ನು ವಯಸ್ಸಿಗೆ ಗೊತ್ತುಮಾಡಿದ ಅಂಕೆಯಿಂದ ಗುಣಿಸಬೇಕು, 40 ವರ್ಷಕ್ಕೆ ಅದು 184.17. ಬಂದದ್ದರಲ್ಲಿ ಅಂಗ ಎಷ್ಟು ಹೋಯಿತೋ ಅಷ್ಟು ಪಾಲು. ಹೆಬ್ಬೆರಳು ಹೋದರೆ 30, ಒಂದು ಕೈಯ ಮೂರು ಬೆರಳು ಹೋದರೆ 30, ನಾಲ್ಕು ಹೋದರೆ 50, ಮುಂಗೈಯೇ ಹೋದರೆ 60, ಹೀಗೆ ಪಟ್ಟಿ ಇದೆ. ಆಗ ನನ್ನ ಕೂಲಿ ದಿನಕ್ಕೆ 150. 26 ದಿನಕ್ಕೆ 3,900, ಅದರ 60 ಭಾಗ 2,340. ಗುಣಿಸಿದರೆ 4,30,957. ಅದರ ನೂರಕ್ಕೆ 30 ಅಂದರೆ 1,29,287 ರೂ. ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ನೂರಕ್ಕೆ 12 ಬಡ್ಡಿ ಬೇರೆ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ನಾನು ಬಹಳ ಹೊತ್ತು ಮಾತಾಡಲಿಲ್ಲ. ಎತ್ತು, ಬೋರಮಾಳ, ಸಾಲ ಎಲ್ಲಾ ಅದರಲ್ಲಿ ಮುಗಿದು ಉಳಿಯುತ್ತಿತ್ತು.

ನಿರ್ಲಕ್ಷ್ಯದ ಮಾತೂ ನಿಲ್ಲುವುದಿಲ್ಲವಂತೆ. ಕುಡಿದಿದ್ದರೆ, ಅಥವಾ ಬೇಕಂತಲೇ ಅಪ್ಪಣೆ ಮೀರಿದ್ದರೆ, ಕೆಲಸಗಾರ ತಾನೇ ಮುಚ್ಚಳ ಕಿತ್ತಿದ್ದರೆ ಮಾತ್ರ ಮಾಲಕ ತಪ್ಪಿಸಿಕೊಳ್ಳಬಹುದು. ಅದೂ ಸಾವು ಅಥವಾ ಪೂರ್ತಿ ಅಂಗವಿಕಲತೆ ಆದಾಗ ನಡೆಯುವುದಿಲ್ಲ. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕಾಗದಕ್ಕೂ ಬೆಲೆ ಇಲ್ಲ. ಗುತ್ತಿಗೆಯವನ ಆಳಾದರೂ ಗುತ್ತಿಗೆ ಕೊಟ್ಟವನನ್ನು ಕೇಳಬಹುದು, ಅವರಿಬ್ಬರೂ ಆಮೇಲೆ ತಮ್ಮಲ್ಲಿ ನೋಡಿಕೊಳ್ಳಬೇಕು.

ಒಡಿಶಾದ ಜೈಪುರ ಎಂಬ ಊರಲ್ಲಿ 1968ರಲ್ಲಿ ಸಿನೆಮಾ ಟಾಕೀಸಿನ ಕೆಲಸ ಮಾಡುವಾಗ ಬಿದ್ದು ಬಡಿಗನೊಬ್ಬನ ಎಡಗೈ ಹೋಯಿತು. ಮಾಲಕ ಕೊಡಲಿಲ್ಲ. 1975ರಲ್ಲಿ ಸುಪ್ರೀಂ ಕೋರ್ಟ್, ಒಂದು ಕೈಯಿಂದ ಬಡಿಗತನ ಆಗುವುದಿಲ್ಲ, ಆದ್ದರಿಂದ ದುಡಿಮೆ ಪೂರ್ತಿ ಹೋಯಿತೆಂದೇ ಹಿಡಿಯಬೇಕು, ರೊಕ್ಕ ಕೊಡುವ ಹೊಣೆ ಅಪಘಾತದ ದಿನದಿಂದಲೇ ಶುರು ಎಂದಿತು. ಅವನಿಗೆ ಸಿಕ್ಕದ್ದು 9,800 ರೂ. ಆ ಕಾಲಕ್ಕೆ ಅದು ಸಣ್ಣದಲ್ಲ.

ಹಾಗಾದರೆ ನನಗೆ ಯಾಕೆ ಇಲ್ಲ? ಹಳೆ ಕಾಯ್ದೆಯಲ್ಲಿ ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಒಪ್ಪಬಹುದಿತ್ತು. ಆದರೆ ನನ್ನ ಬಾಯಿಂದಲೇ "ಸ್ವಂತ ಮನೆಯಲ್ಲಿ" ಅಂತ ಬಂದಿದೆಯಲ್ಲ! ಸಾಕ್ಷಿ ಹೇಳಬೇಕಾದ ಇಬ್ಬರೂ ಅದೇ ಮಷಿನಿನ ಆಳುಗಳು, ಅವರಿಗೂ ಹೊಟ್ಟೆ ಇದೆ.

2025ರ ನವೆಂಬರ್ 21ರಿಂದ ಆ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಮಾಲಕನ ಹೊಣೆ ಹಾಗೇ ಇದೆ. ಗಾಯವಾದ ದಿನವೇ ದವಾಖಾನಿಯಲ್ಲಿ ನಿಜ ಬರೆಸಿ, ಯಾರ ಹೊಲ, ಯಾರ ಮಷಿನ್, ಎಷ್ಟು ಗಂಟೆ ಎಂಬುದು ಅದರಲ್ಲಿರಲಿ. ಬಿಲ್ಲು, ಚೀಟಿ ಒಂದನ್ನೂ ಬಿಸಾಡಬೇಡಿ. ಮಷಿನಿನ ಬಾಯಿಯ ಫೋಟೋ ಮೊಬೈಲಿನಲ್ಲಿ ತೆಗೆಸಿ, ಮರುದಿನ ಮುಚ್ಚಳ ತಾನೇ ಬಂದು ಕೂತಿರುತ್ತದೆ. ಮಾಲಕನಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಾಗದ ಹಾಕಿ. ವಕೀಲರಿಗೆ ಕೊಡಲು ಇಲ್ಲದವರು ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಬ್ಯಾಂಕಿನ 20 ರೂಪಾಯಿ ಸುರಕ್ಷಾ ಬಿಮಾ ಎಲ್ಲರೂ ಮಾಡಿಸಿರಿ. ಆದರೆ ಅದರಲ್ಲಿ ಒಂದು ಲಕ್ಷ ಬರುವುದು ಪೂರ್ತಿ ಕೈ, ಕಾಲು ಅಥವಾ ಕಣ್ಣು ಹೋದರೆ. ಮೂರು ಬೆರಳಿಗೆ ಏನೂ ಇಲ್ಲ.

ಈಗ ನಾನೇ ಮಾಲಕ

ನಮ್ಮಂಥವರು ಒಂದು ವಾರ ಕೂಲಿ, ಮುಂದಿನ ವಾರ ಮಾಲಕ. ನನ್ನ ತೊಗರಿ ರಾಶಿ ದಿನ ನನ್ನ ಕಣದಲ್ಲಿ ಯಾರದಾದರೂ ಕೈ ಹೋದರೆ ನನ್ನ ನಾಲ್ಕು ಎಕರೆಯನ್ನೇ ಕೇಳುತ್ತಾರೆ, ಅದು ನ್ಯಾಯವೂ ಹೌದು. ರಾಶಿ ಮಷಿನಿನಲ್ಲಿ ಬಹಳ ಜನರ ಕೈ ಹೋದ ಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆಯೇ ಬಂತು. ಸರಕಾರದ ಅಳತೆ ಹೀಗಿದೆ: ಪೈರು ದಬ್ಬುವ ದೋಣಿ 90 ಸೆಂ.ಮೀ. ಉದ್ದ, ಅದರಲ್ಲಿ ಒಳಗಿನ 45 ಸೆಂ.ಮೀ. ಮೇಲೆ ಮುಚ್ಚಿರಬೇಕು, ಡ್ರಮ್ಮಿನ ಹತ್ತಿರ ಅಗಲ 22 ಸೆಂ.ಮೀ. ಹಾಗಿದ್ದರೆ ಕೈ ಹಲ್ಲಿನ ತನಕ ಮುಟ್ಟುವುದು ಕಷ್ಟ.

ಈ ಸಲ ಮಷಿನ್ ಬಂದಾಗ ಟೇಪು ಹಿಡಿದು ಅಳೆದೆ. ಮುಚ್ಚಳ ಗೇಣುದ್ದವೂ ಇರಲಿಲ್ಲ. "ನಿಮ್ಮೊಬ್ಬರದೇ ಕಿರಿಕಿರಿ ನೋಡ್ರಿ ಕಾಕಾ" ಅಂದ ಹುಡುಗ. ಬಲಗೈ ತೋರಿಸಿದೆ, ಸುಮ್ಮನಾದ. ಊರಿಂದ ತಗಡು, ಆರು ಬೋಲ್ಟು ತಂದು ಕೂಡಿಸಲು ಅರ್ಧ ತಾಸು ಹಿಡಿಯಿತು. ವಿಮೆ ಕಾಗದ ಕೇಳಿದೆ. ಇದೆ ಅಂತ ಡಬ್ಬಿಯಿಂದ ತೆಗೆದುಕೊಟ್ಟ. ಓದಿದರೆ ಟ್ರ್ಯಾಕ್ಟರಿನದು, ಅದರಲ್ಲೂ ಡ್ರೈವರನ ಹೆಸರಿಗೆ ಮಾತ್ರ. ಮಷಿನಿಗೆ ಪೈರು ಹಾಕುವ ನಾಲ್ಕು ಜನಕ್ಕೆ ಏನೂ ಇರಲಿಲ್ಲ. ಅವತ್ತು ರಾತ್ರಿ ರಾಶಿ ಬೇಡ ಅಂದೆ, ಬೆಳಕು ಇರುವಾಗ ಮಾಡಿದೆವು. ನಾಲ್ವರ ಹೆಸರು, ಕೂಲಿ, ತಾರೀಖು ನೋಟಬುಕ್ಕಿನಲ್ಲಿ ಎಡಗೈಯಿಂದ ನಾನೇ ಬರೆದು ಅವರ ಸಹಿ ಹಾಕಿಸಿದೆ.