ಬಿಲ್ಲಿನ ಕೊನೆಯ ಸಾಲು

ಹೊಸ ಟಿವಿ ಕೊಂಡವರ ಬಿಲ್ಲು ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಅದರ ಕೊನೆಯ ಸಾಲುಗಳನ್ನು. ಟಿವಿಯ ಬೆಲೆಯನ್ನು ಎಲ್ಲರೂ ನಾಲ್ಕು ಕಡೆ ವಿಚಾರಿಸಿ, ಆನ್‌ಲೈನ್ ದರವನ್ನು ಮೊಬೈಲಿನಲ್ಲಿ ತೋರಿಸಿ, ಚೌಕಾಸಿ ಮಾಡಿ ಇಳಿಸಿಕೊಂಡಿರುತ್ತಾರೆ. ಅದರ ಕೆಳಗೆ ಬರುವ ಗೋಡೆ ಸ್ಟ್ಯಾಂಡು, ಸ್ಟೆಬಿಲೈಜರು, ಹೆಚ್ಚುವರಿ ವಾರಂಟಿ, ಎಚ್‌ಡಿಎಂಐ ಕೇಬಲ್ಲುಗಳ ಬೆಲೆಯನ್ನು ಮಾತ್ರ ಯಾರೂ ಕೆದಕುವುದಿಲ್ಲ. ಟಿವಿಯಲ್ಲಿ ಬಿಟ್ಟುಕೊಟ್ಟ ಲಾಭವನ್ನು ಅಂಗಡಿ ಮರಳಿ ಪಡೆಯುವ ಜಾಗ ಅದೇ.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಆ ದಸರಾ ಸಮಯದಲ್ಲಿ ತಂಗಿಯ ಮನೆಯವರ ಜತೆ ಟಿವಿ ಕೊಳ್ಳಲು ನಾನೂ ಹೋಗಿದ್ದೆ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟಿವಿ ಆರಿಸಿ, ಕಂತಿನ ಲೆಕ್ಕ ಮುಗಿದು, ಇನ್ನೇನು ಸಹಿ ಹಾಕಬೇಕು ಅನ್ನುವಾಗ ಅಲ್ಲಿಯ ಹುಡುಗ ಹೊಳೆಯುವ ಡಬ್ಬಿಯೊಂದನ್ನು ಮುಂದಿಟ್ಟ. "ಸರ್, ಇಷ್ಟು ಒಳ್ಳೆ ಟಿವಿ ತಗೊಂಡು ಲೋಕಲ್ ಕೇಬಲ್ ಹಾಕಿದ್ರೆ ಪಿಕ್ಚರ್ ಕ್ವಾಲಿಟಿ ಬರಲ್ಲ. ಇದು ಏಯ್ಟ್‌ಕೆ, ಗೋಲ್ಡ್ ಪ್ಲೇಟೆಡ್. ಮೂರು ಸಾವಿರ. ಇಎಂಐಗೇ ಸೇರಿಸಿಬಿಡ್ತೀನಿ, ತಿಂಗಳಿಗೆ ಇನ್ನೂರೈವತ್ತು ಬೀಳುತ್ತೆ ಅಷ್ಟೇ." ತಂಗಿಯ ಗಂಡ ತಲೆಯಾಡಿಸಿಯೇಬಿಟ್ಟರು. ತರಕಾರಿ ಮಾರುಕಟ್ಟೆಯಲ್ಲಿ ಹತ್ತು ರೂಪಾಯಿ ಬಿಡದ ಮನುಷ್ಯ ಅವರು. ಆದರೆ ಎಂಬತ್ತು ಸಾವಿರದ ಪಕ್ಕದಲ್ಲಿಟ್ಟಾಗ ಮೂರು ಸಾವಿರ ಕಣ್ಣಿಗೆ ಬೀಳುವುದಿಲ್ಲ, ಹನ್ನೆರಡು ಕಂತಿಗೆ ಹಂಚಿದಾಗ ಮನಸ್ಸಿಗೂ ತಟ್ಟುವುದಿಲ್ಲ. ಇಂಥ ಹೊತ್ತಿನಲ್ಲಿ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಟಿವಿ ಆಗಲೇ ಮನೆಯಲ್ಲಿದ್ದು, ಈ ಕೇಬಲ್ ಒಂದಕ್ಕೇ ಬಸ್ಸು ಹತ್ತಿ ಬಂದಿದ್ದರೆ ಇಷ್ಟು ಕೊಡುತ್ತಿದ್ದೆವೇ? ಇಲ್ಲ ಅನ್ನಿಸಿದರೆ ಬಿಲ್ಲಿನಿಂದ ತೆಗೆಸುವುದು. ಅವತ್ತೂ ತೆಗೆಸಿದೆ. ಬೇಕಾದರೆ ನಾಳೆ ಬಂದು ಕೊಳ್ಳಬಹುದಲ್ಲ.

ಬೇಕೋ ಬೇಡವೋ ತಿಳಿಯಲು ಆ ಕೇಬಲ್ಲಿನಲ್ಲಿ ಹರಿಯುವುದೇನು ಅನ್ನುವುದು ಗೊತ್ತಿರಬೇಕು. ನೆಟ್‌ಫ್ಲಿಕ್ಸಿನಂಥ ಸೇವೆಗಳನ್ನು ಟಿವಿಯೊಳಗಿನ ಆಪ್‌ನಲ್ಲೇ ನೋಡುವವರಿಗೆ ಚಿತ್ರ ವೈಫೈ ಮೂಲಕ ನೇರವಾಗಿ ಟಿವಿಯೊಳಗೆ ಬರುತ್ತದೆ. ಅಲ್ಲಿ ಎಚ್‌ಡಿಎಂಐ ಕೇಬಲ್ಲಿಗೆ ಕೆಲಸವೇ ಇಲ್ಲ. ಸೌಂಡ್‌ಬಾರ್ ಇದ್ದರೆ ಧ್ವನಿ ಹೋಗುವುದಕ್ಕೆ ಒಂದು ಬೇಕು, ಅದಕ್ಕೆ ಸೌಂಡ್‌ಬಾರ್ ಡಬ್ಬಿಯಲ್ಲಿ ಬಂದದ್ದು ಧಾರಾಳವಾಗಿ ಸಾಕು. ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ದುಬಾರಿ ಕೇಬಲ್ ಸಿಕ್ಕಿಸಿರುವುದು ಸೆಟ್‌ಟಾಪ್ ಬಾಕ್ಸಿಗೆ. ಅಂಥ ಬಾಕ್ಸುಗಳಲ್ಲಿ ಬಹುಪಾಲು ಕೊಡುವುದು ಹೆಚ್ಚೆಂದರೆ 1080 ಗೆರೆಗಳ ಚಿತ್ರ. ಸೆಕೆಂಡಿಗೆ 60 ಸಲ ಪೂರ್ತಿ ಬದಲಾಗುವ ಅಂಥ ಚಿತ್ರಕ್ಕೂ ಸೆಕೆಂಡಿಗೆ ನಾಲ್ಕೂವರೆ ಗಿಗಾಬಿಟ್ ದಾರಿ ಸಾಕು. ಹದಿನೈದು ವರ್ಷದ ಹಿಂದಿನ 'ಹೈ ಸ್ಪೀಡ್' ಕೇಬಲ್ಲೂ 10.2 ಗಿಗಾಬಿಟ್ ಹೊರುತ್ತದೆ. ಹಳೆಯ ಟಿವಿಯಿಂದ ಬಿಚ್ಚಿದ ಕೇಬಲ್ಲನ್ನು ಹೊಸದಕ್ಕೆ ಸಿಕ್ಕಿಸಿದರೆ ಚಿತ್ರದಲ್ಲಿ ಕೂದಲಷ್ಟೂ ವ್ಯತ್ಯಾಸವಾಗುವುದಿಲ್ಲ.

ಪ್ಲೇಸ್ಟೇಷನ್‌ನಂಥ ಆಟದ ಪೆಟ್ಟಿಗೆ ಬಂದಾಗ ಲೆಕ್ಕ ಬದಲಾಗುತ್ತದೆ. 4ಕೆ ಚಿತ್ರ ಸೆಕೆಂಡಿಗೆ 60 ಸಲ ಬದಲಾಗಲು ಸುಮಾರು 18 ಗಿಗಾಬಿಟ್ ಬೇಕು. ಅದೇ 4ಕೆ ಸೆಕೆಂಡಿಗೆ 120 ಸಲ, ಎಚ್‌ಡಿಆರ್ ಬಣ್ಣದೊಂದಿಗೆ ಪೂರ್ತಿಯಾಗಿ ಬರಬೇಕಾದರೆ 40ರ ಹತ್ತಿರ ಹೋಗುತ್ತದೆ. ಇದಕ್ಕೆ ತಕ್ಕಂತೆಯೇ ಕೇಬಲ್ಲಿನ ದರ್ಜೆಗಳಿವೆ. 'ಪ್ರೀಮಿಯಂ ಹೈ ಸ್ಪೀಡ್' ಅಂದರೆ 18 ಗಿಗಾಬಿಟ್, 'ಅಲ್ಟ್ರಾ ಹೈ ಸ್ಪೀಡ್' ಅಂದರೆ 48. ಕೊಳ್ಳುವವರು ನೋಡಬೇಕಾದದ್ದು ಈ ಹೆಸರನ್ನು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ '2.1' ಅಂತಲೋ '8ಕೆ' ಅಂತಲೋ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಎಚ್‌ಡಿಎಂಐ ಪರವಾನಗಿ ಕೊಡುವ ಸಂಸ್ಥೆಯ ನಿಯಮದ ಪ್ರಕಾರ ಕೇಬಲ್ಲಿಗೆ ಆವೃತ್ತಿ ಸಂಖ್ಯೆ ಹಾಕಿ ಮಾರುವಂತೆಯೇ ಇಲ್ಲ. ನಿಜವಾದ ಅಲ್ಟ್ರಾ ಹೈ ಸ್ಪೀಡ್ ಕೇಬಲ್ಲಿನ ಡಬ್ಬಿಯ ಮೇಲೆ ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರದ ಚೀಟಿ ಅಂಟಿಸಿರುತ್ತದೆ. ಆ ಸಂಸ್ಥೆಯದ್ದೇ ಆಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಅಸಲಿಯೋ ಅಲ್ಲವೋ ತಿಳಿಯುತ್ತದೆ. ಕೇಬಲ್ಲಿನ ಮೈಮೇಲೂ ಆ ಹೆಸರು ಅಚ್ಚಾಗಿರಬೇಕು.

ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಈ ಚೀಟಿ ಹುಡುಕಿಕೊಂಡು ಹೋಗಿದ್ದೇನೆ. ಕೆಲವರು "ಅದೆಲ್ಲ ಯಾರೂ ಕೇಳಲ್ಲ ಮೇಡಂ" ಅಂದರು. ಕೇಳಿದಾಗ ಒಳಗಿನಿಂದ ತಂದು ತೋರಿಸಿದವರೂ ಇದ್ದರು. ಚೀಟಿಯಿದ್ದ ಎರಡು ಮೀಟರಿನ ಕೇಬಲ್ಲಿಗೆ ನಾನು ಕೊಟ್ಟದ್ದು ಸಾವಿರದೊಳಗೆ. ಚೀಟಿಯಿಲ್ಲದ, ಬಟ್ಟೆ ಹೆಣೆದ, ಲೋಹದ ತಲೆಯ ಇನ್ನೊಂದರ ಬೆಲೆ ಅದರ ಎರಡು ಪಟ್ಟಿಗೂ ಹೆಚ್ಚಿತ್ತು. ಈ ಸರಕಿನಲ್ಲಿ ಬೆಲೆಯನ್ನು ಗುಣದ ಗುರುತು ಅಂತ ತಿಳಿಯಲೇಬಾರದು. ಎಂಆರ್‌ಪಿಯನ್ನಂತೂ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಬೇಡ. ಎರಡು ಸಾವಿರ ಅಚ್ಚಾಗಿರುವುದನ್ನು ಎಂಟುನೂರಕ್ಕೆ ಕೊಟ್ಟಾಗ ಹನ್ನೆರಡು ನೂರು ಉಳಿಸಿದೆವು ಅನ್ನಿಸುವುದಕ್ಕೇ ಅಷ್ಟು ಅಚ್ಚಾಗಿರುತ್ತದೆ.

ಚಿನ್ನದ ಲೇಪದ ಬಗ್ಗೆಯೂ ಹೇಳಬೇಕು. ಚಿನ್ನಕ್ಕೆ ತುಕ್ಕಿಲ್ಲ. ಕುಂದಾಪುರ, ಕಾರವಾರದಂಥ ಉಪ್ಪುಗಾಳಿಯ ಊರುಗಳಲ್ಲಿ ಅದರಿಂದ ಅಷ್ಟಿಷ್ಟು ಉಪಯೋಗವುಂಟು. ಚಿತ್ರದ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕೇಬಲ್ಲಿನಲ್ಲಿ ಹೋಗುವುದು ಸೊನ್ನೆ-ಒಂದುಗಳ ಸಾಲು. ಅದು ಸರಿಯಾಗಿ ತಲುಪಿದರೆ ಮುನ್ನೂರು ರೂಪಾಯಿಯ ಕೇಬಲ್ಲಿನಲ್ಲೂ ಮೂರು ಸಾವಿರದ್ದರಲ್ಲೂ ಬರುವುದು ಒಂದೇ ಚಿತ್ರ. ತಲುಪದಿದ್ದರೆ ಬಣ್ಣ ಮಾಸುವುದಿಲ್ಲ. ಪರದೆಯ ತುಂಬ ಬಿಳಿ ಚುಕ್ಕೆಗಳು ಮಿನುಗುತ್ತವೆ, ಮಧ್ಯೆ ಮಧ್ಯೆ ಒಂದೆರಡು ಸೆಕೆಂಡು ಪರದೆ ಕಪ್ಪಾಗುತ್ತದೆ, ಇಲ್ಲವೇ 'ನೋ ಸಿಗ್ನಲ್' ಅಂತ ನಿಲ್ಲುತ್ತದೆ. ಆದ್ದರಿಂದ ಬಣ್ಣ ಗಾಢವಾಗುತ್ತದೆ, ಕಪ್ಪು ಇನ್ನಷ್ಟು ಕಪ್ಪಾಗುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ.

ತಂಗಿಯ ಮಗ ಪ್ಲೇಸ್ಟೇಷನ್ 5 ಇಟ್ಟುಕೊಂಡಿದ್ದಾನೆ. ಟಿವಿ ಮನೆಗೆ ಬಂದ ಸಂಜೆ ಅವನೇ ಅಟ್ಟದಿಂದ ಹಳೆಯ ಡಬ್ಬಿ ಇಳಿಸಿ, "ದೊಡ್ಡಮ್ಮ, ಇದರ ಜತೆಗೇ ಒಂದು ಕೇಬಲ್ ಬಂದಿದೆಯಲ್ಲ" ಅಂದ. ಹೌದು, ಪಿಎಸ್5 ಜತೆಗೂ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಜತೆಗೂ ಬರುವುದು ಅಲ್ಟ್ರಾ ಹೈ ಸ್ಪೀಡ್ ಕೇಬಲ್ಲೇ. ಕೊಂಡ ಬೆಲೆಯಲ್ಲೇ ಅದರ ದುಡ್ಡೂ ಸೇರಿದೆ. ಹೀಗಿದ್ದೂ ಮತ್ತೆ ಹೊಸದನ್ನು ಕೊಳ್ಳುವವರು ಎಷ್ಟೋ ಜನ. ಅವನ ತೊಂದರೆ ಬೇರೆಯದೇ ಇತ್ತು. ಕೇಬಲ್ ಸರಿಯಾಗಿದ್ದರೂ ಪರದೆ 60ರಲ್ಲೇ ನಿಂತಿತ್ತು. ಟಿವಿಯ ಹಿಂದೆ ನಾಲ್ಕು ಎಚ್‌ಡಿಎಂಐ ಕಿಂಡಿಗಳಿದ್ದವು, ಅವುಗಳಲ್ಲಿ ಎರಡರ ಪಕ್ಕದಲ್ಲಿ ಮಾತ್ರ 120 ಅಂತ ಬರೆದಿತ್ತು. ಕೇಬಲ್ಲನ್ನು ಅಲ್ಲಿಗೆ ಬದಲಾಯಿಸಿ, ಟಿವಿಯ ಸೆಟಿಂಗ್ಸಿನಲ್ಲಿ ಆ ಕಿಂಡಿಯ ಹೆಚ್ಚಿನ ವೇಗವನ್ನು ಆನ್ ಮಾಡಿದ ಮೇಲೆ ಸರಿಹೋಯಿತು. ಈ ಸೆಟಿಂಗಿಗೆ ಒಂದೊಂದು ಕಂಪನಿ ಒಂದೊಂದು ಹೆಸರಿಡುತ್ತದೆ, ಎಷ್ಟೋ ಟಿವಿಗಳಲ್ಲಿ ಮೊದಲಿಗೆ ಆಫ್ ಆಗಿಯೇ ಇರುತ್ತದೆ. ಅವತ್ತು ಆ ಮೂರು ಸಾವಿರದ ಕೇಬಲ್ ತಂದು ಅದೇ ಹಳೆಯ ಕಿಂಡಿಗೆ ಸಿಕ್ಕಿಸಿದ್ದರೆ ಪರದೆ 60ರಲ್ಲೇ ಇರುತ್ತಿತ್ತು.

ಇನ್ನು, 4ಕೆ ಎಂದು ಮಾರಾಟವಾಗುವ ಟಿವಿಗಳೆಲ್ಲ 120ಕ್ಕೆ ಹೋಗುವುದಿಲ್ಲ. ಕಡಿಮೆ ಬೆಲೆಯವುಗಳಲ್ಲಿ ಬಹುಪಾಲು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಬದಲಾಗುವ ಪರದೆಗಳೇ. 'ಮೋಷನ್' ಅನ್ನುವ ಪದದ ಜತೆ ದೊಡ್ಡ ಸಂಖ್ಯೆ ಬರೆದಿದ್ದರೆ ಅದನ್ನು ಪರದೆಯ ನಿಜವಾದ ವೇಗ ಎಂದುಕೊಳ್ಳಬೇಡಿ. ತಾಂತ್ರಿಕ ವಿವರದ ಪಟ್ಟಿಯಲ್ಲಿ ರಿಫ್ರೆಶ್ ರೇಟ್ ಎಷ್ಟಿದೆ ಎಂದು ನೋಡಿ. 60 ಹರ್ಟ್ಸ್ ಟಿವಿಗೆ 18 ಗಿಗಾಬಿಟ್ಟಿನ ಕೇಬಲ್ ಸಾಕು. ಆಟವಾಡಲು ಕಂಪ್ಯೂಟರ್ ಇಟ್ಟುಕೊಂಡವರು ಮಾನಿಟರಿನ ಡಬ್ಬಿಯಲ್ಲಿ ಡಿಸ್‌ಪ್ಲೇಪೋರ್ಟ್ ಕೇಬಲ್ ಇದೆಯೇ ನೋಡಲಿ, ಸಾಮಾನ್ಯವಾಗಿ ಇರುತ್ತದೆ. ಅದನ್ನು ಮೂಲೆಗಿಟ್ಟು ಎಚ್‌ಡಿಎಂಐ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಇಷ್ಟು ಹೊತ್ತು ಬೇಡ, ಸಾಕು ಎಂದೇ ಹೇಳಿದೆ. ಧಾರಾಳವಾಗಿ ಖರ್ಚು ಮಾಡಬೇಕಾದ ಒಂದು ಜಾಗವಿದೆ, ಅದು ಗೋಡೆಯೊಳಗೆ.

ಈಗ ಕಟ್ಟುವ ಮನೆಗಳಲ್ಲಿ ಟಿವಿಯನ್ನು ಗೋಡೆಗೆ ತೂಗುಹಾಕಿ, ಪೆಟ್ಟಿಗೆಗಳನ್ನೆಲ್ಲ ಪಕ್ಕದ ಕಪಾಟಿನಲ್ಲೋ ಕೆಳಗಿನ ಯೂನಿಟ್ಟಿನಲ್ಲೋ ಇಡುತ್ತಾರೆ. ಕೇಬಲ್ ಕಾಣಬಾರದು ಅಂತ ಗೋಡೆ ಕೊರೆದು ಒಳಗೆ ಹೂಳಿ ಪ್ಲಾಸ್ಟರ್ ಮಾಡಿಬಿಡುತ್ತಾರೆ. ಎಚ್‌ಡಿಎಂಐಯ ಇತಿಹಾಸವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2002ರಲ್ಲಿ ಮೊದಲ ಆವೃತ್ತಿ ಬಂತು. 2013ರಲ್ಲಿ 18 ಗಿಗಾಬಿಟ್, 2017ರಲ್ಲಿ 48, 2025ರಲ್ಲಿ 96 ಆಯಿತು. ಗೋಡೆ ನಲವತ್ತು ಐವತ್ತು ವರ್ಷ ಇರುವಂಥದ್ದು. 2015ರಲ್ಲಿ ಕಟ್ಟಿದ ಮನೆಯ ಗೋಡೆಯೊಳಗೆ ಅಂದಿನ ಅತ್ಯುತ್ತಮ ಕೇಬಲ್ಲನ್ನೇ ಹೂತಿದ್ದರೂ ಇವತ್ತಿನ ಆಟಕ್ಕೆ ಅದು ಸಾಲದು. ಬದಲಾಯಿಸಬೇಕಾದರೆ ಗೋಡೆ ಒಡೆದು, ಮತ್ತೆ ಪ್ಲಾಸ್ಟರ್, ಪುಟ್ಟಿ, ಪೇಂಟು ಎಲ್ಲ ಮಾಡಿಸಬೇಕು. ಕೂಲಿಯೇ ಕೇಬಲ್ಲಿನ ಹಲವು ಪಟ್ಟಾಗುತ್ತದೆ.

ಮೈಸೂರಿನಲ್ಲಿ ನಮ್ಮ ಮನೆ ಕಟ್ಟಿಸುವಾಗ ಎಲೆಕ್ಟ್ರಿಷಿಯನ್ ಜತೆ ನನಗೆ ಇದೇ ವಿಷಯಕ್ಕೆ ವಾದವಾಗಿತ್ತು. ವಿದ್ಯುತ್ ತಂತಿಗೆ ಹಾಕುವ ಒಂದಿಂಚಿನ ಪೈಪೇ ಸಾಕು ಎಂಬುದು ಅವರ ಪಟ್ಟು. ತಂತಿಯೇನೋ ಅದರಲ್ಲಿ ಹೋಗುತ್ತದೆ, ಆದರೆ ಎಚ್‌ಡಿಎಂಐ ಕೇಬಲ್ಲಿನ ತಲೆ ಅಗಲ, ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಾನು ಎರಡಿಂಚಿನ ಪೈಪನ್ನೇ ಹಾಕಿಸಿದೆ. ಮೂಲೆಯಲ್ಲಿ ಚೂಪಾದ ಎಲ್ಬೋ ಬೇಡ, ಉದ್ದನೆಯ ಬೆಂಡ್ ಇರಲಿ, ಒಳಗೆ ಒಂದು ನೈಲಾನ್ ದಾರವನ್ನು ಎಳೆದುಬಿಟ್ಟಿರಲಿ ಅಂದೆ. ಹೆಚ್ಚಿಗೆ ತಗುಲಿದ್ದು ಕೆಲವು ನೂರು ರೂಪಾಯಿ. ಆಮೇಲೆ ಕೇಬಲ್ ಬದಲಾಯಿಸಬೇಕಾಗಿ ಬಂದಾಗ ಹಳೆಯದರ ಬಾಲಕ್ಕೆ ದಾರ ಕಟ್ಟಿ ಹೊರಗೆಳೆದು, ಅದೇ ದಾರದಿಂದ ಹೊಸದನ್ನು ಒಳಗೆಳೆದುಕೊಂಡೆವು. ಗೋಡೆಗೆ ಒಂದು ಗೀರೂ ಬೀಳಲಿಲ್ಲ.

ಉದ್ದದ ವಿಷಯದಲ್ಲೂ ಜಿಪುಣತನ ನಡೆಯುವುದಿಲ್ಲ. ತಾಮ್ರದ ಕೇಬಲ್ಲಿನಲ್ಲಿ 48 ಗಿಗಾಬಿಟ್ ನೆಮ್ಮದಿಯಿಂದ ಹೋಗುವುದು ಮೂರು ಮೀಟರಿನವರೆಗೆ. ಐದು ಮೀಟರ್ ದಾಟಿದರೆ ನಂಬುವಂತಿಲ್ಲ. ಪ್ರೊಜೆಕ್ಟರಿಗೆ ಹತ್ತು ಮೀಟರ್ ಬೇಕೆನ್ನುವವರಿಗೆ ದಾರಿ ಅಂದರೆ ಒಳಗೆ ಗಾಜಿನ ನೂಲಿರುವ ಆಪ್ಟಿಕಲ್ ಎಚ್‌ಡಿಎಂಐ. ಬೆಲೆ ಸಾವಿರಗಳಲ್ಲಿರುತ್ತದೆ, ಅಲ್ಲಿ ಆ ಬೆಲೆಗೆ ಕಾರಣವೂ ಇದೆ. ಅದಕ್ಕೆ ದಿಕ್ಕುಂಟು: ಒಂದು ತುದಿಯಲ್ಲಿ 'ಸೋರ್ಸ್', ಇನ್ನೊಂದರಲ್ಲಿ 'ಡಿಸ್‌ಪ್ಲೇ' ಅಂತ ಬರೆದಿರುತ್ತದೆ. ತಿರುಗಾಮುರುಗಾ ಎಳೆದರೆ ಚಿತ್ರವೇ ಬರುವುದಿಲ್ಲ. ಪೈಪಿನೊಳಗೆ ಎಳೆಯುವ ಮೊದಲು ನೆಲದ ಮೇಲೆ ಹಾಸಿ, ಎರಡೂ ತುದಿ ಸಿಕ್ಕಿಸಿ, ಒಂದು ಸಂಜೆ ಪೂರ್ತಿ ಆಡಿ ನೋಡುವುದು ಕ್ಷೇಮ. ಪಿಎಸ್5ನ ಸ್ಕ್ರೀನ್ ಅಂಡ್ ವಿಡಿಯೋ ಸೆಟಿಂಗ್ಸಿನಲ್ಲಿ ಈಗ ಹೋಗುತ್ತಿರುವ ಸಿಗ್ನಲ್ ಎಷ್ಟು ಎಂಬುದು ಅಂಕಿಯಲ್ಲೇ ಕಾಣುತ್ತದೆ. ಡಬ್ಬಿ ಒಡೆದ ಕೇಬಲ್ಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಅನ್ನುವ ಅಂಗಡಿಗಳೂ ಇವೆ. ಅದನ್ನು ದುಡ್ಡು ಕೊಡುವ ಮೊದಲೇ ಕೇಳಿ, ಬದಲಿ ಕೊಡುವ ಅವಧಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

96 ಗಿಗಾಬಿಟ್ಟಿನ 'ಅಲ್ಟ್ರಾ96' ಬರುತ್ತಿದೆ, ಅದಕ್ಕೇ ಕಾಯಲೇ ಎಂದು ತಂಗಿಯ ಮಗ ಕೇಳಿದ್ದ. ಅವನ ಪಿಎಸ್5ಗೂ ಅವನ ಟಿವಿಗೂ 48 ಗಿಗಾಬಿಟ್ಟಿನ ಕೇಬಲ್ಲೇ ಹೆಚ್ಚು. ಅಷ್ಟು ವೇಗದ ಆಟದ ಪೆಟ್ಟಿಗೆ, ಅಷ್ಟು ವೇಗದ ಟಿವಿ ಎರಡೂ ಮನೆಗೆ ಬಂದ ದಿನ ಕೇಬಲ್ ಕೊಳ್ಳೋಣ ಅಂದೆ. ಅಷ್ಟರಲ್ಲಿ ಅದರ ಬೆಲೆಯೂ ಇಳಿದಿರುತ್ತದೆ. ಕೊಳ್ಳಬೇಕಾಗುವುದೂ ಅನುಮಾನವೇ, ಹೊಸ ಪೆಟ್ಟಿಗೆಯ ಡಬ್ಬಿಯಲ್ಲೇ ಒಂದು ಇರಬಹುದು.